ಗಿಟಾರಿಗೆ ಬೇಡವಾದ ಉಳಿ

ಗಿಟಾರು ಮಾಡಲು ಏನೇನು ಸಾಮಾನು ಇರಬೇಕು ಎಂದು ಕೇಳಿಕೊಂಡು ಈಗಲೂ ಒಬ್ಬಿಬ್ಬರು ನನ್ನ ಹತ್ತಿರ ಬರುತ್ತಾರೆ. ತೆಳು ಗರಗಸ, ಅಂಗೈಯಗಲದ ರಂದಾ, ಹರಿತವಾದ ಒಂದೆರಡು ಉಳಿ, ಕಾಯಿಸಲು ಒಂದು ಕಬ್ಬಿಣದ ಕೊಳವೆ, ಒಳ್ಳೆಯ ಸಾಣೆಕಲ್ಲು, ಇಷ್ಟಿದ್ದರೆ ಶುರು ಮಾಡಬಹುದು ಎಂದು ಹೇಳಿ ಕಳಿಸುತ್ತೇನೆ. ಯಾವುದು ಬೇಡ ಎಂದು ಯಾರೂ ಕೇಳುವುದಿಲ್ಲ. ಬೇಡವಾದದ್ದನ್ನು ನಾನು ಎಲ್ಲಕ್ಕಿಂತ ಮೊದಲು ಎತ್ತಿಕೊಂಡೆ. ಅದರಿಂದ ನನ್ನ ಅಣ್ಣ ಊರಿನಲ್ಲಿ ತನ್ನ ಹೆಸರು ಕಳೆದುಕೊಂಡ. ಅದನ್ನು ಬರೆದಿಡದೆ ಹೋದರೆ ನನಗೆ ಸಮಾಧಾನವಿಲ್ಲ.

ನಮ್ಮದು ಸಾಲಗುಂದದ ಬಡಿಗೇರ ಮನೆ. ಅಪ್ಪ ರೈತರ ನೇಗಿಲು, ನೊಗ, ಗಾಡಿ, ಕೂರಿಗಿ ಮಾಡಿಕೊಡುತ್ತಿದ್ದ. ಸುಗ್ಗಿಯಲ್ಲಿ ಅವರ ಕಣಗಳಿಗೆ ಹೋಗಿ ಜೋಳ ತರುತ್ತಿದ್ದೆವು. ಅದೇ ನಮ್ಮ ಆಯ. ಅಣ್ಣ ಶಾಲೆ ಬಿಟ್ಟು ಅಪ್ಪನ ಪಕ್ಕದಲ್ಲಿ ಕುಳಿತ. ನನ್ನನ್ನು ಲಿಂಗಸುಗೂರಿಗೆ ಹೈಸ್ಕೂಲಿಗೆ ಕಳಿಸಿದರು. ಲೆಕ್ಕವನ್ನೂ ಚರಿತ್ರೆಯನ್ನೂ ಉರ್ದುವಿನಲ್ಲಿ ಕಲಿತು ನಾನು ಪಾಸಾಗುವ ಹೊತ್ತಿಗೆ ನಿಜಾಮರ ಸರ್ಕಾರವೇ ಹೋಗಿತ್ತು. ನನ್ನ ಉರ್ದು ಯಾವ ಕಚೇರಿಗೂ ಬೇಕಾಗಲಿಲ್ಲ. ಕೊನೆಗೆ ಲಿಂಗಸುಗೂರಿನ ಆಚೆ ಚಿನ್ನದ ಗಣಿಯಲ್ಲಿ ಸುರಂಗಗಳಿಗೆ ಮರದ ಆಸರೆ ಕೊಡುವ ಕೆಲಸಕ್ಕೆ ಸೇರಿದೆ. ಓದಿಸಿದ ಮಗ ತಿರುಗಿ ಬಾಚಿ ಹಿಡಿದನಲ್ಲ ಎಂದು ಅಪ್ಪ ನಕ್ಕ. ಬೇಸರಪಡಲಿಲ್ಲ.

ಗಣಿಯಲ್ಲಿ ಕೋಲಾರದ ಕಡೆಯಿಂದ ಬಂದ ಒಬ್ಬ ಮೇಸ್ತ್ರಿ ಇದ್ದರು. ಅವರ ಖೋಲಿಯಿಂದ ಭಾನುವಾರ ಮಧ್ಯಾಹ್ನ ಒಂದು ನಾದ ಬರುತ್ತಿತ್ತು. ತಂಬೂರಿಯಂತೆ ಒಂದೇ ಸ್ವರ ಹಿಡಿದು ನಿಲ್ಲುತ್ತಿರಲಿಲ್ಲ. ಏರುತ್ತಿತ್ತು, ಇಳಿಯುತ್ತಿತ್ತು, ಎರಡು ಮೂರು ಸ್ವರಗಳು ಕೂಡಿ ಬರುತ್ತಿದ್ದವು. ಒಂದು ದಿನ ಅವರೇ ನನ್ನನ್ನು ಕರೆಸಿದರು. ಗಿಟಾರು ಮಂಚದಿಂದ ಬಿದ್ದು ಹಿಂಬದಿಯ ಹಲಗೆ ಬಿಟ್ಟುಕೊಂಡಿತ್ತು.

"ಏನಪ್ಪಾ, ಎತ್ತಿನಗಾಡಿ ಮಾಡೋ ಕೈಯಲ್ಲಿ ಇದು ಆಗ್ತದಾ?" ಎಂದರು.

"ನೋಡ್ತೀನ್ರೀ," ಎಂದೆ.

ಹಿಂಬದಿಯ ಹಲಗೆಯನ್ನು ಪೂರ್ತಿ ಬಿಡಿಸಿ ಒಳಗೆ ನೋಡಿದೆ. ಆ ನೋಟ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಮೇಲಿನ ಹಲಗೆ ಜೋಳದ ಕಾಳಿನಷ್ಟು ದಪ್ಪವೂ ಇರಲಿಲ್ಲ. ಅದರ ಒಳಮೈಗೆ ಕಡ್ಡಿಯಂಥ ಪಟ್ಟಿಗಳು ಅಡ್ಡಡ್ಡ ಅಂಟಿಕೊಂಡಿದ್ದವು. ಪ್ರತಿಯೊಂದು ಪಟ್ಟಿಯೂ ತುದಿಗೆ ಹೋಗುತ್ತ ಸವೆದು ಏನೂ ಇಲ್ಲದಂತಾಗಿತ್ತು. ಕಿಟಕಿಗೆ ಹಿಡಿದರೆ ಮರದೊಳಗಿಂದ ಬೆಳಕು ಕೆಂಪಗೆ ಕಾಣಿಸಿತು. ನಮ್ಮ ಕಸುಬಿನಲ್ಲಿ ಮರ ಗಟ್ಟಿಯಾಗಿರಬೇಕು, ಭಾರ ತಡೆಯಬೇಕು. ಗಣಿಯಲ್ಲಂತೂ ಗುಡ್ಡವನ್ನೇ ತಡೆಯಬೇಕು. ಇಲ್ಲಿ ಯಾರೋ ಒಬ್ಬ ಬಡಿಗ, ನಾನು ಕಾಣದ ದೇಶದವನು, ಮರವನ್ನು ಇನ್ನೇನು ಮುರಿಯುತ್ತದೆ ಎನ್ನುವವರೆಗೆ ತೆಳುವಾಗಿಸಿ ಅಲ್ಲಿ ಕೈ ನಿಲ್ಲಿಸಿದ್ದ. ಎಲ್ಲಿ ನಿಲ್ಲಿಸಬೇಕು ಎಂದು ಅವನಿಗೆ ಹೇಗೆ ತಿಳಿಯಿತೋ. ನಾನು ಆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದೆ. ಮೇಸ್ತ್ರಿ ಚಹಾ ತಂದಿಟ್ಟದ್ದೂ ಗೊತ್ತಾಗಲಿಲ್ಲ.

ಅದನ್ನು ರಿಪೇರಿ ಮಾಡಿ ಕೊಟ್ಟೆ. ಆದರೆ ಅಂಥದ್ದೊಂದನ್ನು ನಾನೇ ಮಾಡಬೇಕು ಎಂಬ ಹುಚ್ಚು ಹತ್ತಿತು. ರಜೆಗೆ ಊರಿಗೆ ಹೋದಾಗಲೆಲ್ಲ ಅಣ್ಣನ ಎದುರು ಕುಳಿತು ಅದನ್ನೇ ಹೇಳುತ್ತಿದ್ದೆ. ಅವನು ನೊಗ ಕೆತ್ತುತ್ತ ಕೇಳುತ್ತಿದ್ದ.

"ಎಷ್ಟು ದಪ್ಪ ಅಂದಿ?"

"ಜ್ವಾಳದ ಕಾಳಿಗಿಂತ ತೆಳು."

"ಅದರ ಮ್ಯಾಲೆ ಬೆಕ್ಕು ಕುಂತರ?"

"ಮುರೀತೈತಿ."

"ಹಂಗಾರ ಮೊದಲ ಬೆಕ್ಕಿಲ್ಲದ ಊರು ನೋಡಿಕೋ. ಆಮ್ಯಾಲೆ ಮರ ನೋಡು."

ನೆಲದ ಮೇಲೆ ಇದ್ದಿಲಿನಿಂದ ಅದರ ಆಕಾರ ಬರೆದು ತೋರಿಸಿದೆ. ಅತ್ತಿಗೆ ಒಳಗಿನಿಂದ ಇಣುಕಿ, "ಯವ್ವಾ, ತಂಬೂರಿಗೆ ನಡ ಬಂದಂಗ ಐತಲ್ಲ," ಎಂದು ಸೆರಗು ಬಾಯಿಗಿಟ್ಟು ನಕ್ಕಳು.

ನಕ್ಕರೂ ಅಣ್ಣ ಕೇಳುವುದನ್ನು ಬಿಡಲಿಲ್ಲ. ನಡುವನ್ನು ಹೇಗೆ ಬಾಗಿಸುತ್ತಿ ಎಂದ. ಪಟ್ಟಿ ನೆನೆಸಿ, ಕೆಂಡ ತುಂಬಿದ ಕೊಳವೆಗೆ ಒತ್ತಿ ಬಾಗಿಸಬೇಕು ಎಂದೆ. ಅಂಟು ಒಣಗುವವರೆಗೆ ಹಿಡಿದಿಡಲು ಕಬ್ಬಿಣದ ಶಿಕಂಜ ಬೇಕು, ಅವು ಎಲ್ಲಿಂದ ಬರಬೇಕು ಎಂದಾಗ, "ಹಗ್ಗ ಇಲ್ಲೇನು? ಸುತ್ತಿ ಬೆಣಿ ಬಡಿ. ಗಾಡಿ ಗಾಲೀನ ನಿಲ್ತೈತಿ, ನಿನ್ನ ಹಪ್ಪಳ ನಿಲ್ಲಂಗಿಲ್ಲೇನು?" ಎಂದ. ಮುಂದೆ ನಾನು ಹಾಗೆಯೇ ಮಾಡಿದೆ. ಕತ್ತಿನ ಮೇಲಿನ ಸ್ವರದ ಮನೆಗಳಿಗೆ ತೆಳ್ಳಗೆ ಗೀರಲು ಅಪ್ಪನ ತೆಳು ಗರಗಸ, ಹಲಗೆ ಸವರಲು ಅಪ್ಪನ ಚಿಕ್ಕ ರಂದಾ, ಪಟ್ಟಿಗಳ ತುದಿ ಇಳಿಸಲು ಕಿರುಬೆರಳಿನಷ್ಟಗಲದ ಉಳಿ, ಯಾವುದು ಎಲ್ಲಿಗೆ ಬೇಕು ಎಂಬುದೆಲ್ಲ ಹೀಗೆ ಅಣ್ಣನಿಗೆ ನನ್ನಷ್ಟೇ ಬಾಯಿಪಾಠವಾಯಿತು.

ತಂತಿ ಬಿಗಿಯುವ ಕೀಲಿಗಳದ್ದೇ ಚಿಂತೆ. ಮೇಸ್ತ್ರಿಯ ಗಿಟಾರಿಗೆ ಹಲ್ಲಿನ ಚಕ್ರವಿದ್ದ ಹಿತ್ತಾಳೆಯ ಕೀಲಿಗಳಿದ್ದವು. ಅವು ನನಗೆ ಸಿಗುವ ಮಾತಿರಲಿಲ್ಲ. ತಂಬೂರಿಗೆ ಹಾಕುವಂತೆ ಮರದ ಬಿರಡೆ ಹಾಕಬೇಕು. ಬಿರಡೆಯ ತೂತು ಒಂದು ಕಡೆ ಸಣ್ಣದಾಗಿ ಇನ್ನೊಂದು ಕಡೆ ದೊಡ್ಡದಾಗಿ ಇರಬೇಕು, ಆಗಲೇ ಅದು ಕಚ್ಚಿ ನಿಲ್ಲುತ್ತದೆ. ಅಂಥ ತೂತು ಕೊರೆಯುವ ಸಾಮಾನು ನಮ್ಮ ಮನೆಯಲ್ಲಿ ಒಂದಿತ್ತು. ಅದೇ ಕೂರಿಗಿ ಉಳಿ.

ಕೂರಿಗಿ ಎಂದರೆ ಬಿತ್ತುವ ಸಾಧನ. ಮೇಲೊಂದು ಮರದ ಬಟ್ಟಲು, ಅದರ ತಳದಲ್ಲಿ ನಾಲ್ಕು ತೂತು, ಒಂದೊಂದು ತೂತಿಗೂ ಒಂದೊಂದು ಬಿದಿರಿನ ಕೊಳವೆ. ಹೆಣ್ಣುಮಗಳೊಬ್ಬಳು ನಡೆಯುತ್ತ ಬಟ್ಟಲಿಗೆ ಮುಷ್ಟಿಯಿಂದ ಕಾಳು ಬಿಡುತ್ತಾಳೆ. ನಾಲ್ಕು ತೂತಿಗೂ ಕಾಳು ಸಮನಾಗಿ ಹಂಚಿ ಹೋಗಬೇಕು. ಒಂದು ತೂತು ಕೂದಲೆಳೆಯಷ್ಟು ದೊಡ್ಡದಾದರೂ ಆ ಸಾಲಿಗೆ ಕಾಳು ಹೆಚ್ಚು, ಪಕ್ಕದ ಸಾಲಿಗೆ ಕಡಿಮೆ. ಅಜ್ಜನು ಮುದಗಲ್ಲಿನ ಕಮ್ಮಾರನೊಬ್ಬನ ಮುಂದೆ ಕುಳಿತು ಮಾಡಿಸಿದ್ದ ಉಳಿ ಅದು. ಮೊನೆ ಸಣ್ಣ, ಬುಡಕ್ಕೆ ಬರುತ್ತ ದಪ್ಪ. ಮೈಮೇಲೆ ಒಂದು ಗೆರೆ ಹಾಕಿತ್ತು. ಆ ಗೆರೆಯವರೆಗೆ ತಿರುಗಿಸಿದರೆ ಆಯಿತು, ತೂತು ಅಜ್ಜನ ಕಾಲದಿಂದ ಒಂದೇ ಅಳತೆ. ಊರಿನ ಕೂರಿಗಿಗಳೆಲ್ಲ ಅದರಿಂದಲೇ ಹುಟ್ಟಿದವು.

ಅಪ್ಪ ತೀರಿಕೊಂಡ ಮರುವರ್ಷ ಅವ್ವ ನಮ್ಮಿಬ್ಬರನ್ನೂ ಕರೆದು ಪಾಲು ಮಾಡಿಕೊಳ್ಳಿರಿ ಎಂದಳು. ಜಗಳವೇನೂ ಇರಲಿಲ್ಲ. ನಾನು ಗಣಿಯಲ್ಲಿ, ಅವನು ಊರಲ್ಲಿ. ಕೂಡಿದ್ದಾಗಲೇ ಹಂಚಿಕೊಂಡರೆ ಚೆಂದ ಎಂಬುದು ಅವಳ ಮಾತು. ಮಸ್ಕಿಯಿಂದ ಸೋದರಮಾವ ಬಂದು ಕುಳಿತ.

ಪಾತ್ರೆ, ಕಾಳು, ಮನೆ, ಚೂರು ಹೊಲ ಇವನ್ನು ಹಂಚುವುದು ಎಲ್ಲರ ಮನೆಯಂತೆಯೇ. ಅಪ್ಪನ ಸಾಮಾನುಗಳಿಗೆ ಮಾತ್ರ ನಮ್ಮ ಮನೆತನದಲ್ಲಿ ಬೇರೆ ರೂಢಿ. ಅವನ್ನು ತೊಳೆದು, ವಿಭೂತಿ ಹಚ್ಚಿ, ಪಡಸಾಲೆಯಲ್ಲಿ ಕಂಬಳಿ ಹಾಸಿ ಹರಡುತ್ತಾರೆ. ಕಿರಿಯ ಒಂದು ಎತ್ತಬೇಕು, ಆಮೇಲೆ ಹಿರಿಯ ಒಂದು ಎತ್ತಬೇಕು. ಹೀಗೆ ಮುಗಿಯುವವರೆಗೆ. ಒಮ್ಮೆ ಒಬ್ಬ ಎತ್ತಿದ ಸಾಮಾನನ್ನು ಇನ್ನೊಬ್ಬ ತಿರುಗಿ ಕೇಳುವಂತಿಲ್ಲ, ಕಡ ಸಹ ಕೇಳುವಂತಿಲ್ಲ. ಕೇಳಿದವನು ಅಪ್ಪನ ಪಾಲನ್ನು ಹಳಿದ ಹಾಗೆ.

ಮೊದಲ ಸರದಿ ನನ್ನದು. ನಾನು ಕೈ ಚಾಚಿ ಕೂರಿಗಿ ಉಳಿ ಎತ್ತಿದೆ.

ಮಾವನೇ ಮಾತಾಡಿದ. "ಲೇ ತಮ್ಮಾ, ನೋಡಿ ಎತ್ತೀಯೋ, ನೋಡಲಾರದ ಎತ್ತೀಯೋ? ಅದು ಕೂರಿಗಿದು."

"ನೋಡೇ ಎತ್ತೀನಿ ಮಾವ. ನನಗ ಬಿರಡಿ ಕೂಡಸಾಕ ಬೇಕು."

"ಗಣ್ಯಾಗ ಬಿತ್ತಗಿ ಮಾಡ್ತೀಯೇನಲೇ?"

"ಎತ್ಯಾನಲ್ಲ ಮಾವ, ಬಿಡ್ರಿ," ಎಂದ ಅಣ್ಣ. ಮುಖ ಎತ್ತಲಿಲ್ಲ. ಅವನು ತನ್ನ ಸರದಿಗೆ ದೊಡ್ಡ ಬಾಚಿ ಎತ್ತಿಕೊಂಡ.

ನಾನು ಚಿಕ್ಕ ರಂದಾ ಎತ್ತಿದೆ. ಅವನ ಕೈ ಕಂಬಳಿಯ ಮೇಲೆ ತೆಳು ಗರಗಸದವರೆಗೆ ಬಂದು, ಅದನ್ನು ದಾಟಿ, ಹಿಡಿಕೆ ಬಿರುಕುಬಿಟ್ಟ ಕೊಡತಿಯನ್ನು ಎತ್ತಿತು. ನಾನು ತೆಳು ಗರಗಸ ಎತ್ತಿದೆ. ಅವನು ಸಣ್ಣ ಉಳಿಯನ್ನು ಬಿಟ್ಟು ಅಗಲ ಉಳಿ ಎತ್ತಿದ. ಅರ್ಧ ಕಂಬಳಿ ಖಾಲಿಯಾದ ಮೇಲೆ ನನಗೆ ಹೊಳೆಯಿತು. ಗಿಟಾರಿಗೆ ಬೇಕು ಎಂದು ನಾನು ಅವನಿಗೆ ಹೇಳಿದ್ದ ಒಂದೊಂದೇ ಸಾಮಾನನ್ನು ಅವನು ತನ್ನ ಸರದಿಯಲ್ಲಿ ಮುಟ್ಟದೆ ಉಳಿಸುತ್ತಿದ್ದ. ಆ ಹೊತ್ತಿನಲ್ಲಿ ನನಗಾದದ್ದು ಗಿಟಾರಿನ ಒಳಗು ನೋಡಿದಾಗ ಆದಂಥದ್ದೇ. ಒಬ್ಬ ಮನುಷ್ಯ ತನ್ನನ್ನು ಇಷ್ಟು ತೆಳುವಾಗಿಸಿಕೊಳ್ಳಬಲ್ಲನೆ ಎಂಬ ಬೆರಗು. ಉಳಿಯನ್ನು ಕಂಬಳಿಯ ಮೇಲೆ ತಿರುಗಿ ಇಡಬಹುದಾಗಿತ್ತು. ಕಿರಿಯವನು ತಾನಾಗಿ ಕೊಟ್ಟರೆ ಯಾವ ರೂಢಿಯೂ ಅಡ್ಡವಿರಲಿಲ್ಲ. ಇಡಲಿಲ್ಲ.

"ಹಂಚಿಕಿ ಮುಗೀತು, ಉಣ್ಣಾಕ ಏಳ್ರಿ," ಎಂದಳು ಅವ್ವ.

ಗಣಿಗೆ ಯಂತ್ರಗಳು ಬರುವ ದೊಡ್ಡ ಪೆಟ್ಟಿಗೆಗಳ ಮರ ಬೆಳ್ಳಗೆ, ಹಗುರವಾಗಿ, ನೇರ ಗೆರೆಯದಾಗಿ ಇರುತ್ತಿತ್ತು. ಒಲೆಗೆ ಹಾಕಲು ಎಸೆದಿದ್ದ ಅದರಿಂದ ಮೇಲಿನ ಹಲಗೆ ಆಯ್ದೆ. ಪಕ್ಕಕ್ಕೂ ಹಿಂದಕ್ಕೂ ಮುದಗಲ್ಲಿನಲ್ಲಿ ಕೆಡವಿದ ಒಂದು ಮನೆಯ ಸಾಗವಾನಿ ಬಾಗಿಲು ಸಿಕ್ಕಿತು. ಪಟ್ಟಿಗಳು ಕೊಳವೆಯ ಮೇಲೆ ಎಷ್ಟೋ ಸಲ ಮುರಿದವು. ಆಮೇಲೆ ಒಂದು ಸಂಜೆ ನೆನೆದ ಸಾಗವಾನಿ ನನ್ನ ಕೈಯಲ್ಲಿ ಸದ್ದಿಲ್ಲದೆ ಬಾಗಿತು. ಹಾಗೇ ಹಿಡಿದುಕೊಂಡು ನಿಂತೆ, ತಣ್ಣಗಾಗುವವರೆಗೆ. ಬಿಟ್ಟಾಗಲೂ ಅದು ಬಾಗಿಯೇ ಇತ್ತು. ಮರ ಒಪ್ಪಿಕೊಳ್ಳುತ್ತದೆ ಎಂಬುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕಡಿದರೆ, ಬಡಿದರೆ ಬಗ್ಗುವುದು ಗೊತ್ತಿತ್ತು.

ಬಿರಡೆಗೆ ತೂತು ಕೊರೆಯಬೇಕು ಎನ್ನುವಾಗ ಮೇಸ್ತ್ರಿ ಒಂದು ಕಾಗದದ ಪೊಟ್ಟಣ ತಂದು ನನ್ನ ಮುಂದಿಟ್ಟರು. ಮದರಾಸಿನಿಂದ ತರಿಸಿದ ಹಿತ್ತಾಳೆಯ ಕೀಲಿಗಳು, ಜೊತೆಗೆ ತಂತಿ. "ಮರದ ಬಿರಡೆ ಯಾಕಪ್ಪಾ, ಇಷ್ಟು ಕಷ್ಟಪಟ್ಟಿದ್ದೀಯ," ಎಂದರು. ಆ ಕೀಲಿಗಳಿಗೆ ನೇರ ತೂತು ಸಾಕು. ಸಾದಾ ಬೈರಿಗೆಯಲ್ಲಿ ಕೊರೆದೆ.

ಕೂರಿಗಿ ಉಳಿ ಪೆಟ್ಟಿಗೆಯಲ್ಲೇ ಉಳಿಯಿತು. ಬಿತ್ತಿಗೆಯ ಕಾಲ ಇನ್ನೂ ಮುಂದಿತ್ತು. ಒಂದು ಬಸ್ಸು ಹತ್ತಿ ಕೊಟ್ಟು ಬರಬಹುದಿತ್ತು. ಬೇಕೇಬೇಕು ಎಂದು ಮಾವನ ಎದುರು ಎತ್ತಿದ್ದನ್ನು ಬೇಡವಾಯಿತು ಎಂದು ಹೇಗೆ ಹೇಳುವುದು ಎಂದು ಸುಮ್ಮನಾದೆ. ಅಣ್ಣ ಹೊಸದು ಮಾಡಿಸಿಕೊಂಡಾನು ಎಂದುಕೊಂಡೆ.

ಅವನು ಮಾಡಿಸಿದ್ದ. ಮಸ್ಕಿಯ ಕಮ್ಮಾರನ ಹತ್ತಿರ. ಅದಕ್ಕೆ ಹದ ಬಂದಿರಲಿಲ್ಲ. ಒಂದು ತೂತು ಕೊರೆಯುವುದರಲ್ಲಿ ಅಂಚು ಮಡಚುತ್ತಿತ್ತು, ಮತ್ತೆ ಸಾಣೆ ಹಿಡಿದಾಗ ಅಳತೆ ಬದಲಾಗುತ್ತಿತ್ತು. ಆ ವರ್ಷ ಊರಿನ ದೊಡ್ಡ ರೈತ ಹೊಸ ಕೂರಿಗಿ ಹಾಕಿಸಿದ್ದ. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ಎಳ್ಳಮಾವಾಸ್ಯೆಗೆ ಹೊಲಕ್ಕೆ ಊಟಕ್ಕೆ ಬಾ ಎಂದು ಕರೆಯಲು ಅಣ್ಣ ಗಣಿಗೆ ಬಂದ. ಅತ್ತಿಗೆ ಕಟ್ಟಿದ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ತಂದಿದ್ದ. ಗಿಟಾರು ಗೋಡೆಗೆ ತೂಗುಹಾಕಿತ್ತು. ಅದನ್ನು ನೋಡಿ ಅವನು ಚಪ್ಪಲಿ ಹೊರಗೆ ಬಿಟ್ಟು ಬಂದ. ಇಳಿಸಿ ಕೊಟ್ಟೆ. ಅಂಚುಗಳ ಮೇಲೆ ಬೆರಳಾಡಿಸಿದ, ತೂತಿಗೆ ಕಣ್ಣಿಟ್ಟು ಒಳಗೆ ನೋಡಿದ, ಆಮೇಲೆ ಮರಕ್ಕೆ ಕಿವಿ ಹಚ್ಚಿ ಹೆಬ್ಬೆರಳಿನಿಂದ ದಪ್ಪ ತಂತಿಯನ್ನು ಒಮ್ಮೆ ಎಳೆದ. ನಾದ ಪೂರ್ತಿ ಆರುವವರೆಗೂ ಕಿವಿ ತೆಗೆಯಲಿಲ್ಲ.

"ಒಳಗ ಯಾರೋ ಅದಾರಲ್ಲೋ," ಎಂದ. ಧ್ವನಿ ತಗ್ಗಿತ್ತು. "ನಮ್ಮಪ್ಪ ಇದನ್ನ ನೋಡ್ಬೇಕಿತ್ತು."

ಆಮೇಲೆ ಅವನ ಕಣ್ಣು ಸಾಮಾನಿನ ಪೆಟ್ಟಿಗೆಯ ಮೇಲೆ ಹೋಯಿತು. ಕೂರಿಗಿ ಉಳಿ ಮೇಲೆಯೇ ಇತ್ತು. ಪಾಲಿನ ದಿನ ಹಚ್ಚಿದ ವಿಭೂತಿಯೂ ಹೋಗಿರಲಿಲ್ಲ.

"ಇದನ್ನ ಎಲ್ಲಿ ಹಾಕಿದಿ ಇದ್ರಾಗ?" ಎಂದು ಕೇಳಿದ. ಕೀಲಿಗಳು ಹಿತ್ತಾಳೆಯವು ಎಂಬುದು ಕಣ್ಣಿಗೆ ಕಾಣುತ್ತಿತ್ತು.

ಕತ್ತು ಪೆಟ್ಟಿಗೆಗೆ ಕೂಡುವಲ್ಲಿ, ಹಿಂದುಗಡೆ, ಹಿಮ್ಮಡಿಯಂಥ ಒಂದು ಗಟ್ಟಿ ಮರ ಇರುತ್ತದೆ. ನಾನು ಅದರ ಮೇಲೆ ಬೆರಳಿಟ್ಟು ಹೇಳಿದೆ. "ಇಲ್ಲಿ ಒಳಗ ತೂತು ಹಾಕಿ ಬೆಣಿ ಕೂಡಿಸೀನಿ. ಹೊರಗ ಕಾಣಂಗಿಲ್ಲ. ಅದು ಇಲ್ಲಂದ್ರ ಕತ್ತು ನಿಲ್ಲಂಗಿಲ್ಲ."

ಅವನು ಅಲ್ಲಿ ಹೆಬ್ಬೆರಳು ಒತ್ತಿ, ಉಗುರಿನಿಂದ ಒಮ್ಮೆ ತಟ್ಟಿದ. ಟೊಳ್ಳು ಯಾವುದು, ಗಟ್ಟಿ ಯಾವುದು ಎಂದು ತಟ್ಟಿದರೆ ತಿಳಿಯದ ಬಡಿಗ ಹುಟ್ಟಿಲ್ಲ. "ಹೌದಾ," ಎಂದ. "ಹಂಗಾರ ಬೇಕಾಗೇ ಇತ್ತು ಬಿಡು."

ಬಿತ್ತಿಗೆಯ ಮಾತು ಅವನು ಎತ್ತಲಿಲ್ಲ. ರೂಢಿ ಮುರಿಯಲಿಲ್ಲ.

ಹಬ್ಬಕ್ಕೆ ಲಿಂಗಸುಗೂರಿನಿಂದ ಮಸ್ಕಿ ದಾಟಿ ಸಿಂಧನೂರಿಗೆ ಬಂದೆ. ಅಲ್ಲಿಂದ ಊರ ಕಡೆ ಹೋಗುವಾಗ ಬಸ್ಸಿನ ಕಿಟಕಿಯಿಂದ ದೊಡ್ಡ ರೈತನ ಹೊಲ ಕಂಡಿತು. ಜೋಳ ಎದೆಯುದ್ದ ಬಂದಿತ್ತು. ಹೊಲದ ಈ ತುದಿಯಿಂದ ಆ ತುದಿಯವರೆಗೆ ಒಂದು ಸಾಲು ಒತ್ತೊತ್ತಾಗಿ ಬಡಕಲು, ಪಕ್ಕದ ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ದಂಟು, ಮತ್ತೆ ಎರಡು ಸರಿಯಾದ ಸಾಲು. ಹೊಲಕ್ಕೆ ಹೊಲವೇ ಹಾಗೆ.

"ಕುಡುದು ಬಿತ್ಯಾರೇನಲೇ ಈ ಹೊಲಾನ?" ಎಂದ ಮುಂದಿನ ಸೀಟಿನವನು.

"ಬಿತ್ತಿದಾಂವ ಕುಡುದಿಲ್ಲೋ, ಕೂರಿಗಿ ಕುಡುದೈತಿ," ಎಂದ ಅವನ ಪಕ್ಕದವನು.

"ಸಾಲಗುಂದದ ಬಡಿಗ್ಯಾ ಈಗ ಕಣ್ಣು ಮುಚಗೊಂಡು ಕೊರೀತಾನಂತ. ಅವರಪ್ಪನ ಕೈ ಅಪ್ಪನ ಕೂಡ ಹೋತು."

ಬಸ್ಸಿನಲ್ಲಿ ನಗು ಎದ್ದಿತು. ಬೇರೆಯವರ ತಪ್ಪು ಮನೆಯೊಳಗೆ ಮುಚ್ಚಿಕೊಳ್ಳುತ್ತದೆ. ಬಡಿಗನ ತಪ್ಪು ಹೊಲದಲ್ಲಿ ಹಸಿರಾಗಿ ಎದ್ದು, ಸುಗ್ಗಿಯವರೆಗೆ ದಾರಿಯವರಿಗೆಲ್ಲ ಕಾಣುತ್ತ ನಿಲ್ಲುತ್ತದೆ. ಅದು ಅಣ್ಣನ ತಪ್ಪಾಗಿ ನಿಂತಿತ್ತು. ಅವತ್ತು ಹೊಲದಲ್ಲಿ ಬನ್ನಿಯ ಗಿಡದ ಕೆಳಗೆ ಅಣ್ಣನ ಪಕ್ಕ ಕುಳಿತು ಉಂಡೆ. ಅತ್ತಿಗೆ ಬಡಿಸುವಾಗ ನನ್ನ ಮುಖ ನೋಡಲಿಲ್ಲ. ಆಗಲೂ ಬಾಯಿ ಬಿಡಲಿಲ್ಲ. ಉಳಿ ಕೊಟ್ಟರೆ ಗಣಿಯಲ್ಲಿ ಹೇಳಿದ ಸುಳ್ಳು ಹೊರಬೀಳುತ್ತದೆ ಎಂಬ ಭಯ.

ಸುಗ್ಗಿಯಲ್ಲಿ ದೊಡ್ಡ ರೈತ ಆಯ ಕೊಟ್ಟ, ಮಾತೂ ಹೇಳಿದ. ಇನ್ನು ಮುಂದೆ ಕೂರಿಗಿ ಮಸ್ಕಿಯ ಬಡಿಗನಿಂದ. ಅವನ ಹಿಂದೆ ಉಳಿದವರೂ ಹೋದರು. ಇದನ್ನು ನನಗೆ ತಿಳಿಸಿದವಳು ಅವ್ವ. ಮರುವರ್ಷದ ಬಿತ್ತಿಗೆಯ ಮುಂಚೆ ಉಳಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಊರಿಗೆ ಬಂದೆ.

"ನನ್ನ ಕೆಲಸ ಮುಗೀತಣ್ಣ. ಇದು ನಿನ್ನ ಕಡೆ ಇರಲಿ," ಎಂದೆ.

ಅವನು ಬಟ್ಟೆ ಬಿಡಿಸಿ ಅಂಚನ್ನು ಬೆಳಕಿಗೆ ಹಿಡಿದ. "ಭಾಳ ದುಡಿಸೀದಿ ನೋಡು ಇದನ್ನ. ಒಂದು ನೂಲೂ ಸವದಿಲ್ಲ," ಎಂದ.

ಆವತ್ತು ಅವನ ಮುಂದೆ ಒಬ್ಬ ಮುದುಕಿಯ ಕೂರಿಗಿ ಬಟ್ಟಲು ಇತ್ತು. ಅವಳದು ಊರಂಚಿನ ತುಂಡು ಹೊಲ, ಮಸ್ಕಿಯವರೆಗೆ ಹೋಗಲಾರದವಳು. ಅಣ್ಣ ಅಲ್ಲೇ ಕೂತು ಗೆರೆಯವರೆಗೆ ತಿರುಗಿಸಿ ನಾಲ್ಕೂ ತೂತು ಕೊರೆದ. ಕೊಳವೆ ಕೂಡಿಸಿ, ನನ್ನನ್ನು ಹಿಡಿದುಕೊಳ್ಳಲು ಹೇಳಿ, ಮೇಲಿನಿಂದ ಜೋಳ ಬಿಟ್ಟ. ನಾಲ್ಕು ಕೊಳವೆಗಳಲ್ಲಿ ಕಾಳು ಇಳಿಯುವ ಸದ್ದು ನನ್ನ ಅಂಗೈಗೆ ತಾಕಿತು. ಒಂದಕ್ಕಿಂತ ಒಂದು ಹೆಚ್ಚಿಲ್ಲ, ಕಡಿಮೆಯಿಲ್ಲ. ಶ್ರುತಿ ಕೂಡಿದ ತಂತಿಗಳನ್ನು ನಾನು ಅಷ್ಟರಲ್ಲಿ ಎಷ್ಟೋ ಸಲ ಕೇಳಿದ್ದೆ. ಇದು ಅವಕ್ಕೆ ಕಡಿಮೆಯದಾಗಿರಲಿಲ್ಲ. ಚಿಕ್ಕಂದಿನಿಂದ ನಮ್ಮ ಪಡಸಾಲೆಯಲ್ಲಿ ಇದ್ದ ಸದ್ದು. ನಾನು ಅದನ್ನು ಕೇಳಿಯೇ ಇರಲಿಲ್ಲ.

ಮುದುಕಿಯ ಹೊಲ ಮೊಳೆತಾಗ ಹೋಗಿ ಬದುವಿನ ಮೇಲೆ ನಿಂತು ನೋಡಿದೆ. ಕರಿಯ ನೆಲದ ಮೇಲೆ ಸಾಲುಗಳು ಒಂದೇ ಸಮ ಎದ್ದಿದ್ದವು. ಆದರೆ ಬಿಟ್ಟು ಹೋದ ರೈತರು ತಿರುಗಿ ಬರಲಿಲ್ಲ. ಅಣ್ಣ ಮಂಚ, ಬಾಗಿಲು, ತೊಟ್ಟಿಲು ಮಾಡುತ್ತ ಬದುಕಿದ.

ಮುಂದೆ ಎಷ್ಟೋ ವರ್ಷ ಅವನು ನನ್ನ ಮನೆಗೆ ಬರುತ್ತಿದ್ದ. ಬಂದಾಗಲೆಲ್ಲ ಗಿಟಾರು ಇಳಿಸಿಕೊಂಡು, ತಿರುವಿ, ಕತ್ತಿನ ಬುಡದ ಆ ಜಾಗಕ್ಕೆ ಹೆಬ್ಬೆರಳು ಒತ್ತಿ ಮಕ್ಕಳಿಗೆ ಹೇಳುತ್ತಿದ್ದ. "ನೋಡ್ರಿ, ಇಲ್ಲಿ ನಿಮ್ಮಪ್ಪ ಒಂದು ತೂತು ಕೊರದಾನ. ಅದಕ್ಕ ಇದು ಇಷ್ಟು ಚಲೋ ನುಡಿತೈತಿ." ಮಕ್ಕಳು ಅಲ್ಲಿ ಬೆರಳಾಡಿಸಿ ಹುಡುಕುತ್ತಿದ್ದರು. ಅಣ್ಣ ನನ್ನ ಕಡೆ ನೋಡದೆ ನಗುತ್ತಿದ್ದ. ನಾನೂ ನಗುತ್ತಿದ್ದೆ. ಉಳಿಯನ್ನು ತಿರುಗಿ ಕೊಟ್ಟೆ, ಆ ಮಾತನ್ನು ತಿರುಗಿ ತೆಗೆದುಕೊಳ್ಳಲಿಲ್ಲ. ಒಂದು ದಿನ ಅವನು ತೀರಿಹೋದ.

ಗಿಟಾರು ಇನ್ನೂ ಗೋಡೆಯ ಮೇಲಿದೆ. ಅಲ್ಲಿ ತೂತಿಲ್ಲ ಅಣ್ಣಾ. ಗಟ್ಟಿ ಮರ ಐತಿ.